ಸೊಬಿರ್‌ನ ಬೋಣಿ ಗಿರಾಕಿಗಳು

ಕಾರು ತೊಳೆಯೋದರಲ್ಲಿ ತನ್ನನ್ನು ಮೀರಿಸುವವನು ಕೋಕಂದ್ ಊರಲ್ಲೇ ಇಲ್ಲ ಅಂತ ಸೊಬಿರ್ ಹೇಳಿಕೊಳ್ಳುತ್ತಾನೆ. ತೊಳೆದದ್ದಕ್ಕೆ ದುಡ್ಡು ಕೇಳೋದರಲ್ಲಿ ತನ್ನಂಥ ಪೆದ್ದ ಇಡೀ ಫರ್ಗಾನಾ ಕಣಿವೆಯಲ್ಲೇ ಹುಟ್ಟಿಲ್ಲ ಅಂತಲೂ ಅದೇ ಉಸಿರಲ್ಲಿ ಹೇಳುತ್ತಾನೆ. ನಮ್ಮ ಕೇರಿಯವರು ಎರಡನೆಯ ಮಾತನ್ನು ಕೂಡಲೇ ಒಪ್ಪಿಕೊಂಡರು. ಮೊದಲನೆಯದಕ್ಕೆ ಸ್ವಲ್ಪ ಕಾಲ ಹಿಡಿಯಿತು.

"ನನ್ನ ಕೈ ಮಾಸ್ಕೋಗೆ ಹೋಗಿ ಕಲ್ತ್ಕೊಂಡು ಬಂತು ಕಣ್ರೋ. ನಾಲಗೆ ಮಾತ್ರ ಇಲ್ಲೇ ನಮ್ಮಮ್ಮನ ಮಡಿಲಲ್ಲಿ ಮಲಗಿತ್ತು," ಅಂತ ಚಹಾದಂಗಡಿ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ತನ್ನನ್ನೇ ಆಡಿಕೊಳ್ಳುತ್ತಾನೆ. ಕೇಳಿದವರು ನಗುತ್ತಾರೆ. ಅವನೂ ನಗುತ್ತಾನೆ, ಎಲ್ಲರಿಗಿಂತ ಜೋರಾಗಿ.

ಮಾತು ಸುಳ್ಳಲ್ಲ. ಮಾಸ್ಕೋದಲ್ಲಿ ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಅವನು ವರ್ಷಗಟ್ಟಲೆ ಕಾರು ತೊಳೆದ. ಅಲ್ಲಿ ಬೆಲೆಯೆಲ್ಲ ಗೋಡೆಯ ಫಲಕದ ಮೇಲೆ ಇರುತ್ತಿತ್ತು. ದುಡ್ಡು ತಗೊಳ್ಳೋಕೆ ಗಾಜಿನ ಹಿಂದೆ ಒಬ್ಬ ಹುಡುಗಿ. ಸೊಬಿರ್ ಮಾಡಬೇಕಾದ್ದು ಇಷ್ಟೇ, ತಲೆ ತಗ್ಗಿಸಿ ಚಕ್ರ ಉಜ್ಜುವುದು. ‘ಇಷ್ಟಾಯ್ತು ಸ್ವಾಮಿ’ ಅನ್ನುವ ಮಾತು ಒಂದು ಸಲವೂ ಅವನ ಬಾಯಿಂದ ಹೊರಡಲಿಲ್ಲ, ಹೊರಡಬೇಕಾಗಿಯೂ ಬರಲಿಲ್ಲ.

ಊರಿಗೆ ವಾಪಸು ಬಂದಾಗ ಮಗಳು ಮೊಹಿರಾ ಅವನನ್ನು "ಮಾಮ" ಅಂತ ಕರೆದಳು. ಮನೆಗೆ ಬಂದ ಗಂಡಸರನ್ನೆಲ್ಲ ಆ ಮಗು ಕರೆಯುತ್ತಿದ್ದದ್ದೇ ಹಾಗೆ. ಸೊಬಿರ್ ಅವತ್ತು ಅಂಗಳದ ಮೂಲೆಗೆ ಹೋಗಿ, ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದ. ಆಮೇಲೆ ಕೂಡಿಟ್ಟಿದ್ದನ್ನೆಲ್ಲ ಸುರಿದು ಒಂದು ಹಳೇ ದಮಾಸ್ ಗಾಡಿ ಕೊಂಡ. ಬ್ರೆಡ್ಡಿನ ಡಬ್ಬಿಯಂಥ ಗಾಡಿ ಅದು. ಹಿಂದಿನ ಸೀಟು ಕಿತ್ತುಹಾಕಿ ನೀರಿನ ಟ್ಯಾಂಕು, ಪಂಪು, ಪೈಪು, ಧೂಳು ಎಳೆಯುವ ಯಂತ್ರ, ಮೇಣದ ಡಬ್ಬ ಎಲ್ಲ ಜೋಡಿಸಿದ. ಜನ ಕಾರು ತಗೊಂಡು ತನ್ನ ಹತ್ತಿರ ಬರುವುದು ಬೇಡ, ತಾನೇ ಅವರ ಗೇಟಿಗೆ ಹೋಗಿ ತೊಳೆದು ಬರುವುದು ಅಂತ ಲೆಕ್ಕ.

ಬೆಲೆಯ ಲೆಕ್ಕವೂ ಅವನ ತಲೆಯಲ್ಲಿ ಪಕ್ಕಾ ಇತ್ತು. ವರ್ಷಕ್ಕೊಮ್ಮೆ ನೀರು ಕಾಣುವ ಕಾರಿಗೆ ಅರ್ಧ ದಿನ ಬೇಕು. ವಾರವಾರ ತೊಳೆಯುವ ಕಾರಿನ ಮೇಲೆ ಇರುವುದು ಕೋಕಂದಿನ ಗಾಳಿ ತಂದ ಧೂಳು ಅಷ್ಟೇ, ಕೆಲಸ ಅರ್ಧಕ್ಕರ್ಧ ಕಮ್ಮಿ. ಹಾಗಾಗಿ ಅಪರೂಪಕ್ಕೆ ಬಂದವರಿಗೆ ಐವತ್ತು ಸಾವಿರ ಸೋಮ್, ವಾರದ ಗಿರಾಕಿಗೆ ಮೂವತ್ತೈದು. ದೊಡ್ಡ ಗಾಡಿಯಾದರೆ ಒಂದಿಷ್ಟು ಜಾಸ್ತಿ. ಹಿಪ್ಪುನೇರಳೆ ಹಣ್ಣು ಉದುರುವ ಕಾಲದಲ್ಲಿ ಇನ್ನೊಂದಿಷ್ಟು. ಯಾಕೆಂದರೆ ನಮ್ಮೂರಲ್ಲಿ ಕಾರೆಲ್ಲ ಬಿಳಿ, ಬೀದಿಯ ಮರವೆಲ್ಲ ಹಿಪ್ಪುನೇರಳೆ. ಬಿಸಿಲಿಗೆ ಒಣಗಿದ ಆ ಕಲೆ ಬಿಡಿಸಬೇಕಾದರೆ ಬಿಸಿನೀರಿನ ಬಟ್ಟೆ ಹಾಕಿ, ಮಗುವಿಗೆ ಉಣ್ಣಿಸಿದ ಹಾಗೆ ಪುಸಲಾಯಿಸಬೇಕು. ಇಷ್ಟನ್ನೂ ಸೊಬಿರ್ ಕನ್ನಡಿ ಮುಂದೆ ನಿಂತು ಸೊಗಸಾಗಿ ಹೇಳುತ್ತಿದ್ದ.

ಗಿರಾಕಿಯ ಗೇಟಿನ ಮುಂದೆ ನಿಂತರೆ ಮಾತ್ರ ಬಾಯಿಗೆ ಬೀಗ.

"ಎಷ್ಟಾಯ್ತಪ್ಪ, ಉಕಾ?" ಅಂತ ಅವರು ತಮ್ಮನನ್ನು ಕೇಳುವ ಹಾಗೆ ಕೇಳುತ್ತಿದ್ದರು. ಇವನ ಬಲಗೈ ಎದೆಗೆ ಹೋಗುತ್ತಿತ್ತು, ಬೆನ್ನು ಅಣ್ಣನ ಮುಂದೆ ಬಾಗಿದ ಹಾಗೆ ಬಾಗುತ್ತಿತ್ತು.

"ನೀವು ಕೊಟ್ಟಷ್ಟು, ಅಕಾ. ನಿಮ್ಮ ಹತ್ರ ಏನು ಲೆಕ್ಕ?"

ನಮ್ಮಲ್ಲಿ ಇದು ಮರ್ಯಾದೆಯ ಮಾತು. ಹೀಗಂದವನಿಗೆ ನ್ಯಾಯವಾದ ಬೆಲೆಗಿಂತ ಒಂದು ಕಾಸು ಜಾಸ್ತಿ ಇಡಬೇಕು, ಇಡದಿದ್ದರೆ ನಾಚಿಕೆ. ಆದರೆ ನಾಚಿಕೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಇರಬೇಕಲ್ಲ!

ಇದೂ ಸಾಲದು ಅಂತ ಸೊಬಿರ್ ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡ. ಒಂದು ಗುರುವಾರ ಚಹಾದಂಗಡಿಯಲ್ಲಿ ಎಲ್ಲರೂ ಸೇರಿ ಪಲಾವು ಮಾಡಿಕೊಂಡಿದ್ದರು. ಹೊಟ್ಟೆ ತುಂಬಿತ್ತು, ಬಾಯಿ ಸಡಿಲವಾಗಿತ್ತು. ಮಾತು ಬೋಣಿಯ ಕಡೆ ತಿರುಗಿತು. ಸೊಬಿರ್‌ನ ಅಪ್ಪ ಕರ್ಬೂಜ ಮಾರುತ್ತಿದ್ದವರು. ದಿನದ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಿದರೆ ಅವತ್ತಿನ ವ್ಯಾಪಾರದ ಬಾಗಿಲೇ ಮುಚ್ಚಿತು ಅಂತ ನಂಬಿದ್ದವರು. ಆ ಮೊದಲ ನೋಟನ್ನು ಹಣೆಗೊತ್ತಿಕೊಂಡು, ಉಳಿದ ಹಣ್ಣಿನ ಮೇಲೆಲ್ಲ ಸವರುತ್ತಿದ್ದರು.

"ನಾನೂ ಅಷ್ಟೇ," ಅಂದ ಸೊಬಿರ್, ಎದೆಯುಬ್ಬಿಸಿ. "ಬೋಣಿ ಗಿರಾಕಿ ಏನು ಕೊಟ್ರೂ ಸೈ. ಒಂದು ಕಟ್ಟು ಈರುಳ್ಳಿ ಕೊಟ್ರೂ ಇಲ್ಲ ಅನ್ನಲ್ಲ. ಅಪ್ಪನ ಮಾತು!"

ಎಲ್ಲರೂ ಭೇಷ್ ಅಂತ ತಲೆದೂಗಿದರು. ಹಲ್ಲಿನ ಡಾಕ್ಟರು ಅಬ್ರೋರ್ ಅಕಾ ಮಾತ್ರ ತಲೆದೂಗಲಿಲ್ಲ. ಅವರು ಅಗಿಯುವುದನ್ನು ನಿಲ್ಲಿಸಿ ಯೋಚನೆಗೆ ಬಿದ್ದಿದ್ದರು.

ಮುಂದಿನ ಸೋಮವಾರ ಬೆಳಗಿನ ಅಜಾನ್ ಮುಗಿಯುವ ಮೊದಲೇ ಫೋನು ಬಂತು.

"ಇವತ್ತು ನಾನೇ ತಾನೆ ಮೊದಲು?"

"ನೀವೇ ಅಕಾ."

"ಬಾ ಹಾಗಾದ್ರೆ."

ತೊಳೆದು ಮುಗಿಸಿದ ಮೇಲೆ ಡಾಕ್ಟರು ಇಪ್ಪತ್ತು ಸಾವಿರ ಕೈಗಿಟ್ಟು, "ಬರ್ಕತ್ ಸಿಗಲಿ" ಅಂದರು. ಸೊಬಿರ್ ಹಣೆಗೊತ್ತಿಕೊಂಡ. ಆಗ ಡಾಕ್ಟರು ಅವನ ಹೆಗಲ ಮೇಲೆ ಕೈಹಾಕಿ, "ವಾರದ ಗಿರಾಕಿ ಬೇಕು ಬೇಕು ಅಂತಿದ್ಯಲ್ಲ. ಇನ್ಮೇಲೆ ಪ್ರತಿ ಸೋಮವಾರ ನಂದೇ. ಬೆಳಿಗ್ಗೆ ಮೊದಲು," ಅಂದರು. ಸೊಬಿರ್ ಖುಷಿಯಿಂದ ಮನೆಗೆ ಬಂದು ವಾರದ ಗಿರಾಕಿ ಸಿಕ್ಕಿದ ಅಂತ ಹೆಂಡತಿಗೆ ಹೇಳಿದ. ಇಂಥ ಮಂಗನನ್ನು ಏನು ಮಾಡೋಣ ಹೇಳಿ!

ಸುದ್ದಿಗೆ ಕಾಲು ಬಂತು. ಮಂಗಳವಾರ ನುರಿದ್ದಿನ್ ದೋಮ್ಲಾ, ಅಂದರೆ ಅವನಿಗೆ ಶಾಲೆಯಲ್ಲಿ ಲೆಕ್ಕ ಕಲಿಸಿದ ಮೇಷ್ಟ್ರು. ಅವರು ದುಡ್ಡಿನ ಬದಲು ಎರಡೂ ಕೈ ಎತ್ತಿ ಉದ್ದಾನುದ್ದ ದುವಾ ಮಾಡುತ್ತಿದ್ದರು. ಬುಧವಾರ ಮದುವೆ ಮನೆಗಳಲ್ಲಿ ಹಾಡುವವನು. ಗುರುವಾರ ಕಸಾಯಿ, ಅವನದು ಸೂಪಿಗೆ ಎರಡು ಮೂಳೆ. ಹೀಗೆ ವಾರದ ಒಂದೊಂದು ಬೆಳಗನ್ನೂ ಒಬ್ಬೊಬ್ಬರು ಹಿಡಿದುಕೊಂಡು, ಸೊಬಿರ್‌ಗೆ ವಾರವಿಡೀ ಬರೀ ಬೋಣಿಯೇ ಬೋಣಿ. ಹೊತ್ತೇರಿದ ಮೇಲೆ ಬಂದ ಗಿರಾಕಿಗಾದರೂ ಬೆಲೆ ಹೇಳೋಣ ಅಂದರೆ, ಅವರು ಸೊಂಟದ ಮೇಲೆ ಕೈಯಿಟ್ಟು, "ಡಾಕ್ಟರಿಗೆ ಇಪ್ಪತ್ತು, ನನಗೆ ಮೂವತ್ತೈದಾ? ನಾನೇನು ಮಲಮಗನಾ?" ಅಂತ ಕೇಳುತ್ತಿದ್ದರು. ಸೊಬಿರ್‌ನ ಕೈ ಮತ್ತೆ ಎದೆಗೆ ಹೋಗುತ್ತಿತ್ತು.

ವಸಂತ ಬಂತು. ಪೆಟ್ರೋಲಿಗೂ ಸೋಪಿಗೂ ಕೊಟ್ಟು ಉಳಿದದ್ದರಲ್ಲಿ ಮನೆ ನಡೆಯುತ್ತಿರಲಿಲ್ಲ. ನಿಗೊರಾ, ಅವನ ಹೆಂಡತಿ, ಅಕ್ಕಪಕ್ಕದವರ ಪರದೆ ಹೊಲಿದುಕೊಟ್ಟು ಹಿಟ್ಟು ತರುತ್ತಿದ್ದಳು. ಅಷ್ಟರಲ್ಲಿ ಮಾಸ್ಕೋದಿಂದ ಅವಳ ಅಣ್ಣ ಶೆರ್ಝೋದ್ ಫೋನು ಮಾಡಿದ.

"ನಿನ್ನ ಹಳೇ ಜಾಗ ಖಾಲಿಯಿದೆ ಕಣೋ. ಯಜಮಾನ ನಿನ್ನನ್ನೇ ಕೇಳ್ತಿದ್ದಾನೆ. ಹಿಪ್ಪುನೇರಳೆ ಮುಗಿಯೋವರೆಗೂ ಹಿಡಿದಿಟ್ಟಿರ್ತೀನಿ. ಆಮೇಲೆ ನನ್ನ ಕೇಳ್ಬೇಡ."

ಆ ದಿನ ನಿಗೊರಾ ಬೀರುವಿನ ಮೇಲಿದ್ದ ಸೂಟ್‌ಕೇಸನ್ನು ಕೆಳಗಿಳಿಸಿದಳು. ಒರೆಸಿ ಗೋಡೆಗೆ ಒರಗಿಸಿಟ್ಟಳು. ಒಳಗೆ ಏನೂ ಹಾಕಲಿಲ್ಲ. ಮೊಹಿರಾ ಅದರ ಮೇಲೆ ಹತ್ತಿ ಕೂತು ಕುದುರೆ ಓಡಿಸಿದಳು. "ಅಪ್ಪಾ, ನೀವು ಹಿಂದೆ ಕೂತ್ಕೊಳ್ಳಿ," ಅಂತ ಕರೆದಳು. ಅಪ್ಪ ಅನ್ನೋದು ಅವಳ ಬಾಯಿಗೆ ಬಂದು ಬಹಳ ತಿಂಗಳಾಗಿರಲಿಲ್ಲ. ಸೊಬಿರ್ ಅವಳ ಹಿಂದೆ ಕೂತ. ಮತ್ತೆ ಹೋದರೆ ಮತ್ತೆ ಮಾಮನಾಗಿಯೇ ಬರಬೇಕು ಅಂತ ಅವನಿಗೆ ಗೊತ್ತಿತ್ತು.

ಭಾನುವಾರ ಸಂಜೆ ನಿಗೊರಾ ಚಹಾ ಬಗ್ಗಿಸುತ್ತ ಕೇಳಿದಳು.

"ಮೊಹಿರಾ ಅಪ್ಪ, ನಾಳೆ ಯಾರ ಸರದಿ?"

"ಡಾಕ್ಟರದ್ದು. ಅವರ ಕಾರು ಒಂದು ವಾರದಿಂದ ಮರದ ಕೆಳಗೇ ನಿಂತಿದೆ. ಮೇಲೆಲ್ಲ ಹಣ್ಣಿನ ಕಲೆ. ಮಧ್ಯಾಹ್ನದವರೆಗೂ ಉಜ್ಜಬೇಕು."

"ಮತ್ತೆ ಇಪ್ಪತ್ತಕ್ಕಾ?"

"ಬೋಣಿ ಅಲ್ವೇನೆ."

"ನಿಮ್ಮ ದವಡೆ ಹಲ್ಲು ಕಿತ್ತಾಗ ಅವರೇನಾದ್ರೂ ‘ಕೊಟ್ಟಷ್ಟು ಕೊಡಿ’ ಅಂದ್ರಾ?"

ಸೊಬಿರ್ ಆ ಹಲ್ಲಿದ್ದ ಜಾಗವನ್ನು ನಾಲಗೆಯಿಂದ ಮುಟ್ಟಿ ನೋಡಿಕೊಂಡ. "ಇಲ್ಲ. ಬಾಯಲ್ಲಿ ಹತ್ತಿ ತುರುಕಿ, ಆಮೇಲೆ ಬೆಲೆ ಹೇಳಿದ್ರು. ನಾನೂ ಹಾಗೇ ಮಾಡ್ಬೇಕಿತ್ತು."

ನಿಗೊರಾಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. "ಬೋಣಿ ಆದ್ಮೇಲೆ ಬಂದವರಿಗೆ ಬೆಲೆ ಹೇಳ್ಬಹುದು ತಾನೆ? ನಿಮ್ಮಪ್ಪ ಹೇಳ್ತಿದ್ರಾ?"

"ಅಪ್ಪನಾ? ಬೋಣಿ ಮುಗೀತು ಅಂದ್ರೆ ಸ್ವಂತ ತಮ್ಮನಿಗೂ ಒಂದು ಕಾಸು ಬಿಡ್ತಿರ್ಲಿಲ್ಲ."

ನಿಗೊರಾ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಗ್ಗೆ ಸೊಬಿರ್ ದಮಾಸ್ ಹೊರಗೆ ತೆಗೆಯೋಣ ಅಂತ ಬಂದರೆ ಗೇಟಿಗೆ ಅಡ್ಡಲಾಗಿ ನಿಗೊರಾ ನಿಂತಿದ್ದಾಳೆ. ತಲೆಗೆ ವಸ್ತ್ರ ಬಿಗಿದು ಕಟ್ಟಿ, ಕಂಕುಳಲ್ಲಿ ಪರ್ಸು ಇಟ್ಟುಕೊಂಡು, ಬಜಾರಿಗೆ ಹೊರಟವಳ ಹಾಗೆ. ಕಾಲ ಬಳಿ ಅವಳ ಕಪ್ಪು ರಬ್ಬರ್ ಮೆಟ್ಟು, ಆಕಳ ಕೊಟ್ಟಿಗೆಗೂ ಅಂಗಳಕ್ಕೂ ಹಾಕಿಕೊಳ್ಳುವಂಥದ್ದು, ಕೆಸರು ಮೆತ್ತಿಕೊಂಡಿತ್ತು.

"ತೊಳೀರಿ," ಅಂದಳು.

"ಏನೇ ಇದು? ಡಾಕ್ಟರು ಕಾಯ್ತಾ..."

"ಗಿರಾಕಿನ ಬಾಗ್ಲಲ್ಲಿ ನಿಲ್ಲಿಸ್ತೀರಾ? ಅದೂ ಬೋಣಿ ಗಿರಾಕಿನ?"

ಸೊಬಿರ್ ಅವಳ ಮುಖ ನೋಡಿದ, ಮೆಟ್ಟು ನೋಡಿದ. ಆಮೇಲೆ ಪಂಪು ಹಾಕಿ ಪೈಪು ಹಿಡಿದ. ಆ ನೀರಿನ ರಭಸಕ್ಕೆ ಒಂದು ಮೆಟ್ಟು ಹಾರಿ ಪಕ್ಕದ ಮನೆಯ ಗೋಡೆಗೆ ಬಡಿಯಿತು. ಹೋಗಿ ಎತ್ತಿಕೊಂಡು ಬಂದ. ಸೋಪು ಹಚ್ಚಿ, ಒರೆಸಿ, ಇರಲಿ ಅಂತ ಸ್ವಲ್ಪ ಮೇಣವನ್ನೂ ಬಳಿದ. ಇಡೀ ಕೋಕಂದಿನಲ್ಲಿ ಅಷ್ಟು ಹೊಳೆಯುವ ರಬ್ಬರ್ ಮೆಟ್ಟು ಇನ್ನೊಂದಿರಲಿಲ್ಲ.

"ಎಷ್ಟಾಯ್ತು?"

"ನೀನು ಕೊಟ್ಟಷ್ಟು."

ಅವಳು ಪರ್ಸಿಂದ ಒಂದು ಸಾವಿರದ ನೋಟು ತೆಗೆದು ಕೊಟ್ಟಳು. "ಬರ್ಕತ್ ಸಿಗಲಿ," ಅಂದಳು. ಸೊಬಿರ್ ನೋಟನ್ನು ಹಣೆಗೊತ್ತಿಕೊಂಡ. ಟ್ಯಾಂಕಿಗೂ ಪೈಪಿಗೂ ಸವರಿದ. ನಿಗೊರಾ ಗೇಟು ತೆಗೆದು ಪಕ್ಕಕ್ಕೆ ಸರಿದು ನಿಂತಳು.

ಅವತ್ತು ಡಾಕ್ಟರ ಕಾರಿನ ಕಲೆಯೆಲ್ಲ ಬಿಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಡಾಕ್ಟರು ಊಟಕ್ಕೆ ಮನೆಗೆ ಬಂದವರು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಜೇಬಿಂದ ಎಂದಿನ ಇಪ್ಪತ್ತು ತೆಗೆದರು. ಸೊಬಿರ್ ಕೈ ಚಾಚಲಿಲ್ಲ. ಅವರ ಮುಖ ನೋಡಿ ಹೇಳುವ ಧೈರ್ಯ ಸಾಲದೆ, ಕಾರಿನ ಬಂಪರ್ ನೋಡುತ್ತ ಹೇಳಿದ.

"ಮೂವತ್ತೈದು, ಅಕಾ. ಹಣ್ಣಿನ ಕಲೆಗೆ ಇನ್ನು ಹತ್ತು."

"ಏನಂದೆ?"

ಬಂಪರಿಗೆ ಇನ್ನೊಂದು ಸಲ ಹೇಳಬೇಕಾಯಿತು.

"ಲೋ, ನಾನು ಬೋಣಿ ಅಲ್ವೇನೋ!"

"ಇವತ್ತು ಬೋಣಿ ಆಗ್ಹೋಯ್ತು, ಅಕಾ."

"ಯಾವನವನು, ನನಗಿಂತ ಮುಂಚೆ ಎದ್ದವನು? ಯಾವ ಕಾರು?"

"ಕಾರಲ್ಲ. ಮೆಟ್ಟು. ನಮ್ಮ ಮನೆಯವಳದ್ದು."

ಡಾಕ್ಟರು ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನಿಂತರು. ಬೇರೆಯವರ ಬಾಯಿ ನೋಡಿ ಅಭ್ಯಾಸವಿದ್ದ ಅವರ ಬಾಯನ್ನು ಸೊಬಿರ್ ಅಷ್ಟು ಅಗಲವಾಗಿ ನೋಡಿದ್ದು ಅದೇ ಮೊದಲು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗುತ್ತಲೇ ಎಣಿಸಿ ಪೂರ್ತಿ ಕೊಟ್ಟರು.

"ಇದನ್ನ ಚಳಿಗಾಲದಲ್ಲೇ ಹೇಳೋಕೇನಾಗಿತ್ತು, ಕತ್ತೆ! ನಿನ್ನ ಬೋಣಿ ಹಿಡಿಯೋಕೆ ಅಂತ ನಾನು ಎಷ್ಟು ದಿನ ನಿದ್ದೆಗೆಟ್ಟೆ!"

ಸಂಜೆಯೊಳಗೆ ಮೆಟ್ಟಿನ ಕತೆ ಕೇರಿಯೆಲ್ಲ ಸುತ್ತಿತು. ಗುರುವಾರ ಕಸಾಯಿ ಗೊಣಗಿಕೊಂಡೇ ದುಡ್ಡು ಕೊಟ್ಟ. ಮೂಳೆಯನ್ನು ಸೊಬಿರ್ ಬೇಡ ಅನ್ನಲಿಲ್ಲ. ಡಾಕ್ಟರೇ ಇಷ್ಟು ಕೊಟ್ಟಿದ್ದಾರೆ ಅಂದ ಮೇಲೆ ಮಲಮಗನ ಮಾತು ಎತ್ತುವವರೂ ಇರಲಿಲ್ಲ. ಮೂವತ್ತೈದು ಅನ್ನುವಾಗ ಅವನ ಕಣ್ಣು ಬಂಪರಿಂದ ನಂಬರ್ ಪ್ಲೇಟಿಗೆ, ಅಲ್ಲಿಂದ ದೀಪಕ್ಕೆ, ಹೀಗೆ ನಿಧಾನಕ್ಕೆ ಮೇಲೇರುತ್ತಿತ್ತು. ದೋಮ್ಲಾಗೆ ಮಾತ್ರ ಬೆಲೆ ಹೇಳಲಿಲ್ಲ. ಅವರ ದುವಾಕ್ಕೆ ತಾನೇ ಚಿಲ್ಲರೆ ವಾಪಸು ಕೊಡಬೇಕಾದೀತು ಅಂತ ನಿಗೊರಾಗೆ ಸಮಜಾಯಿಷಿ ಹೇಳಿದ. ಅವಳು ಕಣ್ಣು ಹೊರಳಿಸಿದಳು, ಬೈಯಲಿಲ್ಲ.

ದಿನಾ ಬೆಳಗ್ಗೆ ಗೇಟಿನ ಹತ್ತಿರ ಮೆಟ್ಟು ಇರುತ್ತಿತ್ತು. ಅದೇ ಸಾವಿರದ ನೋಟು ಅವಳ ಪರ್ಸಿಂದ ಇವನ ಜೇಬಿಗೆ ಬರುತ್ತಿತ್ತು, ಸಂಜೆ ಮತ್ತೆ ಪರ್ಸಿಗೆ ಹೋಗುತ್ತಿತ್ತು. ಬೀದಿಯಲ್ಲಿ ಹಣ್ಣು ಕಮ್ಮಿಯಾಗುತ್ತ ಬಂತು. ಸೂಟ್‌ಕೇಸ್ ಮಾತ್ರ ಗೋಡೆಗೆ ಒರಗಿಕೊಂಡೇ ಇತ್ತು. ಅದರ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಂದೆರಡು ವಾರ ಚೆನ್ನಾಗಿ ನಡೆದದ್ದನ್ನು ನೆಚ್ಚಿಕೊಂಡು ಮಾಸ್ಕೋ ಬಿಡಬಹುದಾ ಅಂತ ಸೊಬಿರ್‌ಗೆ ಹೆದರಿಕೆ. ಕೇಳಿದರೆ ಎಲ್ಲಿ ಹೋಗುತ್ತೇನೆ ಅಂದುಬಿಡುತ್ತಾನೋ ಅಂತ ಅವಳಿಗೆ.

ಕೊನೆಯ ಹಣ್ಣೂ ಉದುರಿ, ಬೀದಿ ಗುಡಿಸಿಟ್ಟ ಹಾಗಾದ ಒಂದು ಬೆಳಗ್ಗೆ ಶೆರ್ಝೋದ್‌ನ ಫೋನು ಬಂತು. ಸೊಬಿರ್ ಒಂದು ಕೈಯಲ್ಲಿ ಮೆಟ್ಟು ಹಿಡಿದುಕೊಂಡಿದ್ದ. ಫೋನನ್ನು ದಮಾಸಿನ ಮೇಲಿಟ್ಟು ಸ್ಪೀಕರ್ ಹಾಕಿದ.

"ಏನೋ, ಟಿಕೆಟ್ ಮಾಡಿಸ್ಲಾ, ಬೇಡ್ವಾ? ಈಗ್ಲೇ ಹೇಳು."

ಸೊಬಿರ್ ಬಾಯಿ ತೆರೆದ. ಮಾತು ಬರಲಿಲ್ಲ, ಹಳೇ ಚಾಳಿ. ಎದುರಿಗೆ ಬರಿಗಾಲಲ್ಲಿ ನಿಂತಿದ್ದ ನಿಗೊರಾ ಫೋನಿನ ಕಡೆ ನೋಡಲಿಲ್ಲ. ಪರ್ಸನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಾನು ದಿನಾ ಬರೋ ಗಿರಾಕಿ," ಅಂದಳು. "ತಿಂಗಳಿಗೆ ಅಂತ ಮಾತಾಡ್ಕೊಂಡ್ರೆ ಎಷ್ಟಕ್ಕೆ ಮಾಡ್ಕೊಡ್ತೀರಿ?"

ಸೊಬಿರ್ ಮೆಟ್ಟು ಕೆಳಗಿಟ್ಟ. ಈ ಸಲ ಅವನು ಬಂಪರ್ ನೋಡಲಿಲ್ಲ.

"ತಿಂಗಳ ಗಿರಾಕಿನ ನಾನು ತಗೊಳ್ಳಲ್ಲ," ಅಂದ. "ವರ್ಷಕ್ಕಾದ್ರೆ ಮಾತಾಡು."

ದಮಾಸಿನ ಮೇಲಿಂದ ಶೆರ್ಝೋದ್, "ಹಾಳಾಗ್ಹೋಗ್ರಿ ಇಬ್ರೂ. ಜಾಗ ಬೇರೆಯವನಿಗೆ ಕೊಡ್ತೀನಿ," ಅಂತ ನಕ್ಕು ಫೋನಿಟ್ಟ.

ನಿಗೊರಾ ವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಮೂಗು ಏರಿಸಿದಳು. ಆದರೂ ಬಿಡಲಿಲ್ಲ.

"ವರ್ಷದ್ದು ಅಂದ್ರೆ ಇನ್ನೂ ಕಮ್ಮಿ ಆಗ್ಬೇಕಲ್ವಾ? ಎಷ್ಟು, ಹೇಳಿ."

ನಾಲಗೆ ತುದಿಯವರೆಗೂ ಬಂದ ಬೆಲೆ ಅಲ್ಲೇ ನಿಂತಿತು. ಸೊಬಿರ್‌ನ ಕೈ ತಾನಾಗಿಯೇ ಎದೆಗೆ ಹೋಯಿತು.

"ನೀನು ಕೊಟ್ಟಷ್ಟು," ಅಂದ.