ಮದ್ದು ಮುರಿಯದಂತೆ ಕಾದ ಆರು ತಿಂಗಳು

ಪಿಯುಸಿಗೆ ಸೇರಿದ ವರ್ಷದಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ನಾಲೆಗೆ ನೀರು ಬಿಟ್ಟ ದಿನ, ಹಸು ಕೊಟ್ಟ ಹಾಲು, ಕಾಲೇಜಿನ ಬಸ್ಸು ತಡವಾದ ಲೆಕ್ಕ ಎಲ್ಲವೂ ಅದರಲ್ಲಿದೆ. ತೊಂಬತ್ತರ ದಶಕದ ನಡುವಿನ ಒಂದು ಕಾರ್ತಿಕದಲ್ಲಿ ಅಣ್ಣ ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಂದದ್ದೂ ಇದೆ.

ನಮ್ಮದು ಕಿರಂಗೂರು. ಅಣ್ಣ ಪಾಂಡವಪುರದಲ್ಲಿ ಟ್ರಾಕ್ಟರು ರಿಪೇರಿ ಶೆಡ್ಡಿನಲ್ಲಿದ್ದ. ಜೊತೆಯಲ್ಲಿ ಕೆಲಸ ಮಾಡುವವನ ಆಪರೇಷನ್ನಿಗೆಂದು ರಕ್ತ ಕೊಟ್ಟಿದ್ದ. ಮುಂದಿನ ವಾರ ಆಸ್ಪತ್ರೆಯವರು ಅವನನ್ನು ಮತ್ತೆ ಕರೆಸಿದರು. ನಾನೂ ಜೊತೆಗೆ ಹೋದೆ. ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ, ಅದು ಕಾಮಾಲೆಯ ಒಂದು ಬಗೆ, ಕಣ್ಣು ಹಳದಿಯಾಗದೆಯೂ ವರ್ಷಗಟ್ಟಲೆ ಒಳಗೆ ಇರುತ್ತದೆ, ರಕ್ತದಿಂದಲೂ ಗಂಡನಿಂದ ಹೆಂಡತಿಗೂ ದಾಟುತ್ತದೆ ಎಂದರು ಡಾಕ್ಟರು. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ಕಾಯಿಲೆ ಇಲ್ಲದವರು ಮೂರು ಸಲ ಲಸಿಕೆ ಹಾಕಿಸಿಕೊಳ್ಳಬೇಕು. ಅಣ್ಣನಿಗೆ ಮದುವೆ ಗೊತ್ತಾಗಿದೆ ಎಂದು ನಾನೇ ಹೇಳಿದೆ. ಮದುವೆ ನಿಲ್ಲಿಸಬೇಕಾಗಿಲ್ಲ, ಹುಡುಗಿಗೆ ಮೊದಲು ಹಾಕಿಸಿ ಎಂದರು.

ನಾವು ಮನೆಗೆ ಬಂದು ಹೇಳಿದ ಅಷ್ಟು ಮಾತಿನಲ್ಲಿ ಅವ್ವ ಹಿಡಿದುಕೊಂಡದ್ದು ಕಾಮಾಲೆ ಎಂಬ ಒಂದೇ ಮಾತನ್ನು. ನಮ್ಮ ಕಡೆ ಕಾಮಾಲೆಗೆ ಡಾಕ್ಟರು ಯಾಕೆ? ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿಯಿಂದಾಚೆಯ ಒಂದು ಊರಲ್ಲಿ ಭಾನುವಾರ ಬೆಳಿಗ್ಗೆ ಸೊಪ್ಪಿನ ಮದ್ದು ಕೊಡುವವರಿದ್ದರು. ಮೂರು ಭಾನುವಾರ ಮೇಕೆಹಾಲಿನಲ್ಲಿ ಕದಡಿದ ಸೊಪ್ಪಿನ ರಸ. ರೋಗಿ ಮಾತ್ರವಲ್ಲ, ಮನೆಯವರೆಲ್ಲ ಕುಡಿಯಬೇಕು. ಕುಡಿಯುವಷ್ಟು ದಿನ ಉಪ್ಪು, ಎಣ್ಣೆ ಬಿಡಬೇಕು. ಆಮೇಲೆ ಆರು ತಿಂಗಳು ಮೈಗೆ ಸೂಜಿ ಚುಚ್ಚಿಸಬಾರದು, ಚುಚ್ಚಿಸಿದರೆ ಮದ್ದು ಮುರಿಯುತ್ತದೆ.

ಪರೀಕ್ಷೆ, ಲಸಿಕೆ ಬಿಟ್ಟು ನಾವೆಲ್ಲ ಆ ಮದ್ದು ಕುಡಿದೆವು. ಅವ್ವ ಈ ಪಥ್ಯವನ್ನು ಒಂದು ಚೂರೂ ತಪ್ಪಿಸಲಿಲ್ಲ. ನನ್ನ ಕಾಲಿಗೆ ತುಕ್ಕು ಮೊಳೆ ಹೊಕ್ಕಾಗಲೂ ಇಂಜೆಕ್ಷನ್ನಿಗೆ ಕಳಿಸದೆ ಅರಿಸಿನ ಮೆತ್ತಿ ಕೂರಿಸಿದಳು.

ಹುಡುಗಿ ನಾಗಮಂಗಲದ ಕಡೆಯವಳು. ಅವಳ ಮನೆಯವರಿಗೆ ನಾವು ಏನನ್ನೂ ಹೇಳಲಿಲ್ಲ. ಮಾಘದಲ್ಲಿ ಮದುವೆಯಾಯಿತು. ಮಾರನೆಯ ಭಾನುವಾರವೇ ಅವ್ವ ಸೊಸೆಯನ್ನೂ ಬಸ್ಸಿಗೆ ಹತ್ತಿಸಿಕೊಂಡು ಮದ್ದಿನ ಊರಿಗೆ ಹೋದಳು. ಹೊಸದಾಗಿ ಮನೆ ಸೇರಿದವಳ ಮೈ ಗಟ್ಟಿಯಾಗಿರಲಿ ಎಂದಷ್ಟೇ ಅವಳಿಗೆ ಹೇಳಿದ್ದಳು. ಕಹಿಗೆ ಮುಖ ಕಿವುಚಿದವಳ ಬಾಯಿಗೆ ತಾನೇ ಬೆಲ್ಲ ಇಟ್ಟಳಂತೆ. ಅತ್ತೆ ತನ್ನನ್ನು ಹೀಗೆ ನೋಡಿಕೊಳ್ಳುವುದನ್ನು ಅತ್ತಿಗೆ ತವರಿನವರ ಮುಂದೆ ಹೊಗಳಿಕೊಂಡಿದ್ದಳು.

ಒಂದು ಸಂಜೆ ಅಣ್ಣ ಕೊಟ್ಟಿಗೆಯಲ್ಲಿ ಮೆಲ್ಲಗೆ ಕೇಳಿದ: "ಅವ್ವ, ಅವ್ಳಿಗೂ ಆ ಸೂಜಿ ಆಕುಸ್ಬುಡುವಾ?"

ಅವ್ವ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. "ಮೂರು ವಾರ ಕುಡ್ದವ್ಳೆ ಕಣ್ಲಾ. ಡಾಕ್ಟ್ರು ಯೋಳಿದ್ದೂ ಮೂರೇ ತಾನೆ? ಈಗ ಚುಚ್ಚುಸ್ಬುಟ್ರೆ ಕುಡ್ದಿದ್ದೆಲ್ಲ ನೀರಾಗೋಯ್ತದೆ. ಆರು ತಿಂಗ್ಳು ಕಳೀಲಿ, ಬೇಕಾದ್ರೆ ಆಕುಸು."

ಆರು ತಿಂಗಳು ಎಂದಿಗೆ ಮುಗಿಯುತ್ತದೆಂದು ಅವ್ವ ನನ್ನನ್ನು ಕೇಳಿದಳು. ನಾನು ಎಣಿಸಿ ಹೇಳಿದೆ.

ಅದಕ್ಕೆ ಮೊದಲೇ ಆಷಾಢ ಬಂತು. ಅತ್ತಿಗೆ ತವರಿಗೆ ಹೋದಳು. ಹೋದ ಎರಡನೆಯ ವಾರ ಜ್ವರ, ವಾಂತಿ. ಅವಳ ಕಣ್ಣು ಹಳದಿಯಾಗಿದೆ ಎಂದು ಸುದ್ದಿ ಬರುವ ಹೊತ್ತಿಗೆ ಅವಳಪ್ಪ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಇದು ಹೆಪಟೈಟಿಸ್ ಬಿ, ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ನಾವು ಅಲ್ಲಿಗೆ ಹೋದಾಗ ಡಾಕ್ಟರು ಕೇಳಿದರು. ಅಣ್ಣ ನೆಲ ನೋಡುತ್ತ ಹೌದೆಂದ. ಅತ್ತಿಗೆಗೆ ಗೊತ್ತಾದದ್ದು ಹೀಗೆ, ಕೈಗೆ ಗ್ಲೂಕೋಸು ಹಾಕಿಸಿಕೊಂಡು ಮಲಗಿದ್ದಾಗ, ಅವಳಪ್ಪನ ಎದುರಿಗೆ.

ಭಾನುವಾರ ಅವ್ವ ಮದ್ದಿನ ಊರಿಗೆ ಹೋಗಿ ಸೀಸೆಯಲ್ಲಿ ರಸ ತುಂಬಿಸಿಕೊಂಡು ಅಲ್ಲಿಂದಲೇ ಆಸ್ಪತ್ರೆಗೆ ಬಂದಳು. ಲೋಟಕ್ಕೆ ಬಗ್ಗಿಸಿ ತುಟಿಯ ಹತ್ತಿರ ಹಿಡಿದಳು. ಅತ್ತಿಗೆ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸಿಟ್ಟಿನ ಮುಖವಲ್ಲ ಅದು, ಬರೀ ದಣಿದಿತ್ತು.

"ಮೊದ್ಲೇ ಯೋಳಿದ್ರೆ ನಾನೇನು ಮದ್ವೆ ಬ್ಯಾಡ ಅಂತಿರ್ನಿಲ್ಲ ಕಣತ್ತೆ. ಸೂಜಿ ಆಕುಸ್ಕಂಡು ಬತ್ತಿದ್ದೆ, ಅಷ್ಟೆಯ."

ಅವ್ವ ಲೋಟದ ರಸವನ್ನು ಮತ್ತೆ ಸೀಸೆಗೆ ಬಗ್ಗಿಸಿದಳು.

ಕಾಮಾಲೆ ಇಳಿಯಲು ಒಂದೂವರೆ ತಿಂಗಳು ಹಿಡಿಯಿತು. ವೈರಸ್ಸು ಹೋಯಿತೋ ಒಳಗೇ ನಿಂತಿತೋ ಎಂಬುದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಬೇಕೆಂದರು ಡಾಕ್ಟರು. ಆ ನಡುವೆ ನಾವು ಉಳಿದವರು ಪರೀಕ್ಷೆಗೆ ರಕ್ತ ಕೊಟ್ಟೆವು. ಅವ್ವನಿಗೂ ನನಗೂ ಕಾಯಿಲೆ ಇರಲಿಲ್ಲ. ಲಸಿಕೆಗೆ ಹೋದಾಗ ಅವ್ವ ತಾನೇ ರವಿಕೆಯ ತೋಳು ಮೇಲಕ್ಕೆ ಸರಿಸಿದಳು. ಸೂಜಿ ಚುಚ್ಚಿ ಮುಗಿದ ಮೇಲೂ ಸ್ಟೂಲಿನಿಂದ ಏಳಲಿಲ್ಲ. ನಮ್ಮ ಸೊಸೆ ಮೇಲೆ ವಾರ್ಡಲ್ಲಿ ಮಲಗಿದ್ದಾಳೆ, ಅವಳಿಗೂ ಒಂದು ಹಾಕಿಬಿಡಿ ಎಂದು ನರ್ಸನ್ನು ಕೇಳಿದಳು.

ನರ್ಸು ಹತ್ತಿಯನ್ನು ಅವ್ವನ ತೋಳಿಗೆ ಒತ್ತಿ ಹಿಡಿದು, "ಇದು ಕಾಯಿಲೆ ಬರೋಕ್ಮುಂಚೆ ಹಾಕೋದು ಕಣಮ್ಮ," ಎಂದರು.