ಸಲಾಯಿನ್ ಹಚ್ಚಿದ ಕೈ

ಓದುವ ಹಿರಿಯರಿಗೂ ಕಿರಿಯರಿಗೂ ಮಸ್ಕಿಯಿಂದ ಶರಣು. ನನಗೆ ಬರೆದು ರೂಢಿಯಿಲ್ಲ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎಲ್ಲೋ ಒಂದು ದೀರ್ಘ ಬಿಟ್ಟಿರಬಹುದು, ಎಲ್ಲೋ ಒಂದು ಒತ್ತು ಹೆಚ್ಚಾಗಿರಬಹುದು. ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹೇಳಹೊರಟಿರುವುದೂ ಒಂದು ತಪ್ಪಿನ ಸಂಗತಿಯೇ.

ನಾನು ಲಿಂಗಸುಗೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವನು. ವಾರದಲ್ಲಿ ಎರಡು ಮಧ್ಯಾಹ್ನ ಸಿಂಧನೂರಿಗೆ ಹೋಗಿ ನರ್ಸಿಂಗ್ ಓದುವ ಹುಡುಗಿಯರಿಗೆ ಅದೇ ವಿಷಯ ಪಾಠ ಮಾಡುತ್ತೇನೆ. ಮನೆ ಮಸ್ಕಿಯಲ್ಲಿ. ಎರಡೂ ಊರು ಹೆಚ್ಚುಕಡಿಮೆ ಒಂದೇ ದೂರ, ಆದ್ದರಿಂದ ಯಾವ ಕಡೆ ತಿರುಗಿಸಿದರೂ ಬೈಕಿಗೆ ದಾರಿ ಗೊತ್ತು.

ನನ್ನ ಓದು ತಡವಾಗಿ ಆದದ್ದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹತ್ತಿ ಜಿನ್ನಿನಲ್ಲಿ ದುಡಿದೆ. ಮೀಸೆ ಬಂದು ಎಷ್ಟೋ ವರ್ಷವಾದ ಮೇಲೆ ಹತ್ತನೆಯ ಪರೀಕ್ಷೆಗೆ ಕೂತೆ. ಮೊದಲ ದಿನ ನನ್ನನ್ನು ಮೇಲ್ವಿಚಾರಕ ಎಂದುಕೊಂಡು ಪಕ್ಕದ ಬೆಂಚಿನ ಹುಡುಗ ಎದ್ದು ನಿಂತಿದ್ದ. ಮುಂದೆ ಲ್ಯಾಬ್ ಡಿಪ್ಲೊಮಾ ಮಾಡುವಾಗ ಪುಸ್ತಕವೆಲ್ಲ ಇಂಗ್ಲಿಷು. ಅರ್ಥವಾದದ್ದು ಕಡಿಮೆ, ಬಾಯಿಪಾಠ ಮಾಡಿದ್ದು ಹೆಚ್ಚು. ಕೈಕೆಲಸ ಮಾಡುತ್ತ ಮಾಡುತ್ತ ಅರ್ಥ ನಿಧಾನವಾಗಿ ಹಿಂದಿನಿಂದ ಬಂತು.

ಪಾಠ ಮಾಡುವುದೆಂದರೆ ನನಗೆ ಖುಷಿ. ಮೊದಲ ದಿನ ರಕ್ತ ಹಿಡಿಯುವ ಟ್ಯೂಬುಗಳನ್ನು ಮೇಜಿನ ಮೇಲೆ ನಿಲ್ಲಿಸುತ್ತೇನೆ. ಒಂದೊಂದು ಪರೀಕ್ಷೆಗೆ ಒಂದೊಂದು ಬಣ್ಣದ ಮುಚ್ಚಳ.

“ಇದು ಯಾವ ಬಣ್ಣ?”

“ಪರ್ಪಲ್ ರೀ ಸರ್.”

“ನಿಮ್ಮ ಮನ್ಯಾಗ ಏನಂತಾರ?”

“ಬದ್ನಿಕಾಯಿ ಬಣ್ಣ ರೀ.”

“ಹಾಂ. ಬದ್ನಿಕಾಯಿ ಮುಚ್ಚಳದಾಗ ರಕ್ತ ಹೆಪ್ಪುಗಟ್ಟಂಗಿಲ್ಲ. ಹಿಮೋಗ್ಲೋಬಿನ್ ನೋಡಾಕ ಇದು. ಮತ್ತ ಇದು?”

ಬೂದು ಬಣ್ಣದ ಮುಚ್ಚಳ ಎತ್ತಿ ಹಿಡಿದಾಗ ಹಿಂದಿನ ಬೆಂಚಿನಿಂದ ಒಬ್ಬಳು, “ನಮ್ಮ ಮುತ್ಯಾನ ಹಣಿ ಮ್ಯಾಲಿನ ವಿಭೂತಿ ಬಣ್ಣ ರೀ ಸರ್” ಅಂದಳು. ಎಲ್ಲರೂ ನಕ್ಕರು.

“ನಿಮ್ಮ ಮುತ್ಯಾಗ ಸಕ್ರಿ ಕಾಯಿಲೆ ಐತೇನು?”

“ಐತ್ರಿ. ಆದ್ರೂ ಕದ್ದು ಬೆಲ್ಲ ತಿಂತಾನ್ರಿ.”

“ಹಂಗಾರ ಮರೀಬ್ಯಾಡ. ಸಕ್ರಿ ನೋಡಾಕ ವಿಭೂತಿ ಮುಚ್ಚಳ.”

ಅವರು ಅದನ್ನು ಮರೆಯಲಿಲ್ಲ. ಆದರೆ ಬಣ್ಣಗಳನ್ನು ಹೀಗೆ ಕಲಿಸಿದ ನಾನೇ ಉಳಿದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಸುತ್ತಿದ್ದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಇರುತ್ತದೆ ಎಂಬುದು ಒಂದು ಕಾರಣ. ನಿಜವಾದ ಕಾರಣ ಬೇರೆ. ಬರೆಸುವಾಗ ನನ್ನ ಇಂಗ್ಲಿಷ್ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುಸ್ತಕ ನೋಡಿ ಓದಿದರೆ ಆಯಿತು. ಬಿಡಿಸಿ ಹೇಳಹೋದರೆ ಯಾರಾದರೂ ಎದ್ದು ಏನಾದರೂ ಕೇಳುತ್ತಾರೆ, ನನ್ನ ಬಾಯಿ ತಡವರಿಸುತ್ತದೆ ಎಂಬ ಅಂಜಿಕೆ ಇತ್ತು.

ಹಾಗೆ ಬರೆಸಿದ ಸಾಲುಗಳಲ್ಲಿ ಒಂದು, ಸಲಾಯಿನ್ ಹಚ್ಚಿದ ಕೈಯಿಂದ ಪರೀಕ್ಷೆಗೆ ರಕ್ತ ತೆಗೆಯಬಾರದು ಎಂಬುದು. ಬಾಟಲಿಯಿಂದ ನರಕ್ಕೆ ಹನಿಹನಿಯಾಗಿ ಇಳಿಯುವುದೆಲ್ಲ ನಮ್ಮ ಕಡೆ ಸಲಾಯಿನ್ನೇ, ಒಳಗೆ ಉಪ್ಪಿನ ನೀರಿದ್ದರೂ ಅಷ್ಟೇ, ಗ್ಲೂಕೋಸ್ ಇದ್ದರೂ ಅಷ್ಟೇ. ತಿಂಗಳ ಪರೀಕ್ಷೆಯಲ್ಲಿ ಆ ಪ್ರಶ್ನೆ ಕೊಟ್ಟಾಗ ಗೊರೇಬಾಳದ ಒಬ್ಬ ವಿದ್ಯಾರ್ಥಿನಿ ಒಂದು ಅಕ್ಷರವೂ ತಪ್ಪದೆ ಇಂಗ್ಲಿಷಿನಲ್ಲಿ ಬರೆದಿದ್ದಳು. ಮದುವೆಯಾಗಿ, ಒಂದು ಮಗುವಾದ ಮೇಲೆ ಓದಲು ಬಂದವಳು. ತಡವಾಗಿ ಓದಿದವರ ಮೇಲೆ ನನಗೆ ಸ್ವಲ್ಪ ಹೆಚ್ಚು ಮಮತೆ. ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ, ಪಕ್ಕದಲ್ಲಿ ‘ಗುಡ್’ ಎಂದು ಬರೆದುಕೊಟ್ಟೆ.

ಮುಂದಿನ ತಿಂಗಳು ಅವಳ ತಂಡ ವಾರ್ಡಿನ ಕೆಲಸ ಕಲಿಯಲು ನಾನಿರುವ ಆಸ್ಪತ್ರೆಗೇ ಬಂತು. ಮುಂಜಾನೆ ಸಿಂಧನೂರಿನ ಬಸ್ಸಿಗೆ ಬಂದು, ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗುತ್ತಿದ್ದರು.

ಹೆಂಗಸರ ವಾರ್ಡಿನಲ್ಲಿ ಗುರುಗುಂಟಾ ಕಡೆಯ ಒಬ್ಬ ಅಜ್ಜಿ ಇದ್ದರು. ವಾಂತಿಯಾಗಿ ನಿತ್ರಾಣರಾಗಿ ಹಿಂದಿನ ದಿನ ಸೇರಿದ್ದರು. ಸೇರಿದ ಕೂಡಲೇ ತೆಗೆದ ರಕ್ತವನ್ನು ನಾನೇ ನೋಡಿದ್ದೆ, ಸಕ್ಕರೆ ಸರಿಯಾಗಿತ್ತು. ಊಟ ಸೇರದ್ದರಿಂದ ಗ್ಲೂಕೋಸ್ ಬಾಟಲಿ ಹಚ್ಚಿದ್ದರು. ಮರುದಿನ ಮುಂಜಾನೆ ತಲೆ ತಿರುಗುತ್ತದೆ ಅಂದರೆಂದು ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಬರೆದರು. ವಿಭೂತಿ ಮುಚ್ಚಳದ್ದು ಒಂದು, ಬದನೆಕಾಯಿ ಮುಚ್ಚಳದ್ದು ಒಂದು, ಎರಡು ಟ್ಯೂಬು ಬಂದವು. ಹೆಸರು, ಸಮಯ ಎಲ್ಲ ಚಂದವಾಗಿ ಬರೆದಿತ್ತು.

ಮೊದಲು ಸಕ್ಕರೆ ನೋಡಿದೆ. ಐದುನೂರು ದಾಟಿತ್ತು.

ಇಷ್ಟು ಹೆಚ್ಚು ಬಂದರೆ ಕಾಗದ ಹೋಗುವ ತನಕ ಕಾಯಬಾರದು, ವಾರ್ಡಿಗೆ ತಕ್ಷಣ ಫೋನ್ ಮಾಡಬೇಕು ಎಂಬ ನಿಯಮವಿದೆ. ಮಾಡಿದೆ. ವಾರ್ಡಿನ ಸಿಸ್ಟರು, “ಅಯ್ಯ ಶಿವನ, ಅದಕ್ಕ ಚಕ್ಕರ್ ಬಂದೈತಿ ನೋಡ್ರಿ. ಡಾಕ್ಟರ್ ಇಲ್ಲೇ ಅದಾರ, ಇನ್ಸುಲಿನ್ ಕೊಡಸ್ತೀನಿ” ಎಂದು ಫೋನ್ ಇಟ್ಟರು.

ಇಟ್ಟ ಮೇಲೆ ಎರಡನೆಯ ಟ್ಯೂಬು ತೆಗೆದುಕೊಂಡೆ. ಹಿಮೋಗ್ಲೋಬಿನ್ ಹಿಂದಿನ ದಿನಕ್ಕಿಂತ ಒಂದಂಕಿಗೂ ಹೆಚ್ಚು ಇಳಿದಿತ್ತು. ಎಲ್ಲಿಯೂ ರಕ್ತ ಹೋಗದ ಅಜ್ಜಿಗೆ ಒಂದೇ ದಿನದಲ್ಲಿ ರಕ್ತ ಹೇಗೆ ಕಡಿಮೆಯಾಯಿತು? ಮುಂಜಾನೆ ಬಂದ ಮೂತ್ರದ ಡಬ್ಬಿ ಅಲ್ಲೇ ಇತ್ತು. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದೆ. ಅದರಲ್ಲಿ ಸಕ್ಕರೆ ತೋರಿಸುವ ಚೌಕ ಬಣ್ಣ ತಿರುಗಲೇ ಇಲ್ಲ. ರಕ್ತದಲ್ಲಿ ಅಷ್ಟು ಸಕ್ಕರೆಯಿದ್ದರೆ ಮೂತ್ರದಲ್ಲಿ ಒಂದಿಷ್ಟಾದರೂ ಕಾಣಬೇಕು.

ಅಂದರೆ ಆ ಐದುನೂರು ಅಜ್ಜಿಯದಲ್ಲ, ಟ್ಯೂಬಿನ ರಕ್ತಕ್ಕೆ ಬಾಟಲಿಯ ನೀರು ಬೆರೆತಿರಬೇಕು. ಸಕ್ಕರೆ ಸರಿಯಿರುವ ಮುದುಕಿಗೆ ಇನ್ಸುಲಿನ್ ಕೊಟ್ಟರೆ ಇದ್ದ ಸಕ್ಕರೆಯೂ ಇಳಿದು ಎಚ್ಚರ ತಪ್ಪುತ್ತದೆ, ಜೀವಕ್ಕೂ ಕುತ್ತು ಬರಬಹುದು. ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಕೈಗವಸು ಬಿಚ್ಚದೆ ವಾರ್ಡಿಗೆ ನಡೆದೆ.

ಸಿಸ್ಟರು ಫ್ರಿಜ್ಜಿನಿಂದ ಔಷಧದ ಸೀಸೆ ತೆಗೆದು ಸೂಜಿಗೆ ಎಳೆದುಕೊಳ್ಳುತ್ತಿದ್ದರು.

“ಸಿಸ್ಟರ್, ಜರಾ ತಡೀರಿ. ಆ ರಿಪೋರ್ಟ್ ನನಗ ಸರಿ ಅನಸವಲ್ದು.”

“ಏನ್ರಿ ಸರ್, ಈಗ ನೀವ ಗಡಬಡ ಮಾಡಿ ಫೋನ್ ಮಾಡಿದ್ರಿ, ಈಗ ನೀವ ಬ್ಯಾಡ ಅಂತೀರಿ. ನಿಮ್ಮ ಮಶೀನ್ ಕೆಟ್ಟೈತೇನು?”

“ಇರಬಹುದು. ಈ ರಕ್ತ ಯಾರು ತಗದಿದ್ದು?”

ಮಂಚದ ಸುತ್ತ ನಾಲ್ಕು ಹುಡುಗಿಯರು. ಅಜ್ಜಿಯ ಬಲಗೈಗೆ ಸಲಾಯಿನ್ ಹಚ್ಚಿತ್ತು. ಹಿಂದಿನ ದಿನ ನರ ಸಿಗದೆ ಅಲ್ಲಲ್ಲಿ ಚುಚ್ಚಿದ ಗುರುತುಗಳು ಎರಡೂ ತೋಳಿನಲ್ಲಿ ಇದ್ದವು. ನೋಡಿ ಹೇಳುವುದು ಆಗುವಂತಿರಲಿಲ್ಲ. ಮಶೀನ್ ಕೆಟ್ಟಿದೆ ಎಂಬ ಮಾತು ಅಲ್ಲೇ ನಿಂತಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

“ಯಾವ ಕೈಲಿಂದ ತಗದ್ರಿ ಅನ್ನೋದಷ್ಟ ಬೇಕಾಗೇತಿ ನನಗ” ಅಂದೆ.

ಗೊರೇಬಾಳದವಳು ಸಲಾಯಿನ್ ನಳಿಗೆಯನ್ನೇ ನೋಡುತ್ತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ನಾನು ಬರೆಸಿದ ಆ ಇಂಗ್ಲಿಷ್ ಸಾಲನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. ಕೊನೆಗೆ ನನ್ನ ಕಡೆ ತಿರುಗಿದಳು.

“ಸರ್, ನಾನ ತಗದೀನ್ರಿ. ಇದ ಕೈಲಿಂದ, ಸಲಾಯಿನ್ ಹಚ್ಚಿದ್ದರ ಮ್ಯಾಲೆ. ನೀವು ಬರಸಿದ ಆ ಸಾಲು ಅಂದ್ರ ಇದೇನ್ರಿ ಸರ್?”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ‘ಗುಡ್’ ಎಂದು ಬರೆದ ನನ್ನ ಕೆಂಪು ಪೆನ್ನು ನೆನಪಾಯಿತು.

“ಹೌದವಾ, ಇದ ಅದು” ಅಂದೆ.

ಸಿಸ್ಟರು ಸೂಜಿಯನ್ನು ತಟ್ಟೆಯಲ್ಲಿ ಇಟ್ಟುಬಿಟ್ಟರು. “ಎಡಗೈ ಖಾಲಿ ಇತ್ತಲ್ಲವಾ! ಅದೇನು ಕಣ್ಣಿಗೆ ಕಾಣಲಿಲ್ಲೇನು ನಿನಗ?” ಎಂದು ಅವಳನ್ನು ಗದರಿದರು.

ಉತ್ತರ ಕೊಟ್ಟವರು ಅಜ್ಜಿ. “ಆ ಹುಡುಗಿಗೆ ಯಾಕ ಬಯ್ತಿ? ಎಡಗೈ ಕೊಡಂಗಿಲ್ಲ ಅಂದಾಕಿ ನಾನು. ದಿನಾ ಮುಂಜಾನಿ ಈ ಕೈಯಾಗ ಲಿಂಗ ಹಿಡಿತೀನಿ. ಇದಕ್ಕ ಸೂಜಿ ಚುಚ್ಚಿಸಿ ರಕ್ತ ತಗಸ್ಲೇನು? ನಿನ್ನೆ ಕೇಳದ ಚುಚ್ಚ್ಯಾರ, ಹೊಟ್ಟಿ ಉರಿದೈತಿ ನನಗ.”

ಆಗ ಎಲ್ಲ ತಿಳಿಯಿತು. ಲಿಂಗಪೂಜೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ಅದಕ್ಕಾಗಿಯೇ ಸಲಾಯಿನ್ ಕೂಡ ಬಲಗೈಗೆ ಹಚ್ಚಿಸಿಕೊಂಡಿದ್ದರು. ಹಿರಿಯರು ಹೇಳಿದ ಮಾತು, ಹುಡುಗಿ ಮೀರಲಿಲ್ಲ. ನನ್ನ ಸಾಲು ಅವಳ ನೋಟ್‌ಬುಕ್ಕಿನಲ್ಲಿತ್ತು, ಅಜ್ಜಿಯ ಮಾತು ಎದುರಿಗಿತ್ತು. ಗೆದ್ದದ್ದು ಅಜ್ಜಿಯ ಮಾತು.

ಸರಿ, ಈಗ ಎಡಗೈಯಿಂದ ಇನ್ನೊಮ್ಮೆ ತೆಗೆಯಬೇಕು. ಸಿಸ್ಟರು ಹೇಳಿದರು, ಅಜ್ಜಿ ಒಪ್ಪಲಿಲ್ಲ. ನಾನು “ಕಂಟ್ಯಾಮಿನೇಷನ್ ಆಗತೈತಿ ಅಜ್ಜಿ” ಅಂದೆ. ಅಜ್ಜಿ ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು.

ಗೊರೇಬಾಳದವಳು ಮಂಚದ ಅಂಚಿಗೆ ಕೂತಳು.

“ಅಜ್ಜೀ, ನಮ್ಮೂರಾಗ ಭತ್ತದ ಗದ್ದಿಗೆ ಕಾಲುವಿ ನೀರು ಬಿಡತಾರ. ನೀರು ಬಿಟ್ಟ ಗದ್ದ್ಯಾಗ ನಿಂತು, ರಾತ್ರಿ ಮಳಿ ಎಷ್ಟಾಗೇತಿ ಅಂತ ನೋಡಿದ್ರ ಗೊತ್ತಾಗತೈತೇನು?”

“ಹೆಂಗ ಗೊತ್ತಾಗತೈತಿ? ಎಲ್ಲಾ ಕಾಲುವಿ ನೀರ ಇರತೈತಿ.”

“ಹಂಗ, ಈ ಕೈಯಾಗ ಬಾಟ್ಲಿದು ಸಕ್ರಿ ನೀರು ಹರ್ಯಾಕತ್ತೈತಿ. ನಾನು ಅದರಾಗ ನಿಂತು ನಿಮ್ಮ ಮೈಯಾಗಿನ ಸಕ್ರಿ ಅಳದೀನಿ. ತಪ್ಪು ನಂದ. ಕಾಲುವಿ ಬಿಡಲಾರದ ಹೊಲ ಅಂದ್ರ ಆ ಕೈ ಒಂದ ಐತಿ.”

“ನಮ್ಮ ಕಡೆ ಎಲ್ಲಾ ಕಾಲುವಿ ಇಲ್ಲದ ಹೊಲಾನ ಬಿಡು” ಎಂದು ಅಜ್ಜಿ ನಕ್ಕರು. ಆಮೇಲೆ ಎಡಗೈಯನ್ನು ಮೇಲೆತ್ತಿ ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಅಂಗೈ ಅವನದು” ಅಂದರು. “ತೋಳು ನನ್ನದು. ಮ್ಯಾಲಿಂದ ತಗೊ. ಆದ್ರ ಒಂದ ಹನಿನೂ ಅಂಗೈ ಮ್ಯಾಲೆ ಬೀಳಬಾರದು.”

ಹುಡುಗಿ ಪಕ್ಕದ ಗೆಳತಿಯ ಕರ್ಚೀಫು ಕೇಳಿ ತೆಗೆದುಕೊಂಡಳು. ಒಗೆದು ಮಡಿಸಿಟ್ಟದ್ದು. ಅಜ್ಜಿಯ ಅಂಗೈ ಮೇಲೆ ಅದನ್ನು ಹೊದಿಸಿ, ಅಜ್ಜಿಯಿಂದಲೇ ಮುಷ್ಟಿ ಕಟ್ಟಿಸಿದಳು. ಮುಷ್ಟಿ ಕಟ್ಟಿದಾಗ ನರ ಹಗ್ಗದಂತೆ ಎದ್ದಿತು. ಒಂದೇ ಚುಚ್ಚಿಗೆ ಸಿಕ್ಕಿತು. ಹತ್ತಿ ಒತ್ತಿ ಹಿಡಿದು, “ಆತು ಅಜ್ಜಿ. ನೋಡ್ರಿ, ಅಂಗೈ ಹಂಗ ಐತಿ” ಅಂದಳು.

ಎರಡೂ ಟ್ಯೂಬು ಹಿಡಿದು ನಾನು ಲ್ಯಾಬಿಗೆ ಹೋದೆ. ಅವಳೂ ಹಿಂದೆ ಬಂದಳು. ಮಶೀನಿನ ಮುಂದೆ ಇಬ್ಬರೂ ನಿಂತೆವು. ಸಕ್ಕರೆ ಹಿಂದಿನ ದಿನದಂತೆಯೇ ಸರಿಯಾಗಿ ಬಂತು. ಹಿಮೋಗ್ಲೋಬಿನ್ ಕೂಡ ತನ್ನ ಜಾಗಕ್ಕೆ ಬಂತು. ವಾರ್ಡಿಗೆ ಫೋನ್ ಮಾಡಿದೆ. ಸೂಜಿ ಚೆಲ್ಲಿ, ಸೀಸೆ ಫ್ರಿಜ್ಜಿನಲ್ಲಿ ಇಟ್ಟೆ ಎಂದು ಸಿಸ್ಟರು ಹೇಳಿದರು.

ಅವಳು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. “ಸರ್, ನನ್ನ ವಾಪಸ್ ಕಳಸ್ತಾರೇನ್ರಿ? ಕಳಸಿದ್ರ ಮನ್ಯಾಗ ಇನ್ನ ಓದೋದು ಸಾಕು ಅಂತಾರ್ರಿ.”

ತಪ್ಪುಗಳನ್ನು ಬರೆದಿಡುವ ಒಂದು ವಹಿ ಲ್ಯಾಬಿನಲ್ಲಿದೆ. ಅದನ್ನು ತೆಗೆದು ನಾನೇ ಬರೆದೆ. ಸಲಾಯಿನ್ ಹಚ್ಚಿದ ಕೈಯಿಂದ ವಿದ್ಯಾರ್ಥಿನಿ ರಕ್ತ ತೆಗೆದಳು. ಕೇಳಿದಾಗ ತಾನೇ ಮುಂದೆ ಬಂದು ಹೇಳಿದಳು. ಹಿಂದಿನ ರಿಪೋರ್ಟ್ ನೋಡದೆ ಲ್ಯಾಬಿನವನು ಅವಸರದಲ್ಲಿ ಫೋನ್ ಮಾಡಿದ. ಪಾಠದಲ್ಲಿ ಈ ನಿಯಮವನ್ನು ಅರ್ಥ ಬಿಡಿಸಿ ಹೇಳಿರಲಿಲ್ಲ. ಪಾಠ ಹೇಳಿದವನೂ ಅವನೇ. ಕೆಳಗೆ ಸಹಿ ಹಾಕಿದೆ. ಅವಳು ಓದಿ, ತಾನೂ ಹಾಕಿದಳು. ಡಾಕ್ಟರು ಅದನ್ನು ಓದಿ, “ಇಬ್ಬರೂ ಇನ್ನ ಮುಂದ ಕೈ ನೋಡ್ರಿ” ಎಂದಷ್ಟೇ ಹೇಳಿ ತಿರುಗಿಸಿ ಕೊಟ್ಟರು. ಯಾರನ್ನೂ ಕಳಿಸಲಿಲ್ಲ.

ಆ ವಾರ ಸಿಂಧನೂರಿನ ತರಗತಿಗೆ ಹೋದಾಗ ನಾನು ಪುಸ್ತಕ ತೆರೆಯಲಿಲ್ಲ. “ಇವತ್ತಿನ ಪಾಠ ನೀ ಹೇಳವಾ” ಎಂದು ಅವಳನ್ನು ಕರೆದು ಕಡೆಯ ಬೆಂಚಿನಲ್ಲಿ ಕೂತೆ. ಅವಳು ಬೋರ್ಡಿನ ಮೇಲೆ ಎರಡು ತೋಳು ಬರೆದಳು. ಒಂದು ತೋಳಿಗೆ ಕಾಲುವೆ ತಂದು ಕೂಡಿಸಿದಳು. ಮುಗಿದ ಮೇಲೆ ಒಬ್ಬಳು ಎದ್ದು, “ಎರಡೂ ಕೈಗೆ ಸಲಾಯಿನ್ ಹಚ್ಚಿದ್ರ ಏನು ಮಾಡಬೇಕ್ರಿ ಸರ್?” ಎಂದು ಕೇಳಿದಳು. ಇಷ್ಟು ವರ್ಷ ನಾನು ಅಂಜಿದ್ದು ಇಂಥದ್ದೇ ಪ್ರಶ್ನೆಗೆ. ಉತ್ತರ ನನಗೆ ಕನ್ನಡದಲ್ಲಿ ಗೊತ್ತಿತ್ತು. ಡಾಕ್ಟರಿಗೆ ಕೇಳಿ, ಸಲಾಯಿನ್ ಸ್ವಲ್ಪ ಹೊತ್ತು ನಿಲ್ಲಿಸಿ, ಅದು ಹಚ್ಚಿದ ಜಾಗಕ್ಕಿಂತ ಕೆಳಗಿನಿಂದ ತೆಗೆಯಬೇಕು. ಹೇಳಿದೆ. ಬಾಯಿ ತಡವರಿಸಲಿಲ್ಲ.

ಈಗ ಮೊದಲು ಅವರ ಮಾತಿನಲ್ಲಿ ಹೇಳಿಸುತ್ತೇನೆ, ಆಮೇಲೆ ಇಂಗ್ಲಿಷ್ ಸಾಲು ಬರೆಸುತ್ತೇನೆ. ಸಾಲು ತಪ್ಪಿಲ್ಲದೆ ಬರೆದವರಿಗೆ ಸುಮ್ಮನೆ ರೈಟ್ ಹಾಕುವುದಿಲ್ಲ. “ಯಾವ ಕೈ, ತೋರ್ಸು” ಅನ್ನುತ್ತೇನೆ.

ಅಜ್ಜಿ ಮೂರನೆಯ ದಿನ ಊರಿಗೆ ಹೋದರು. ಹೋಗುವಾಗ ಕರ್ಚೀಫು ತಿರುಗಿಸಿ ಕೊಟ್ಟರು, ವಿಭೂತಿ ಹತ್ತಿತ್ತು. ಅದರ ಮಾಲಕಿ ಅದನ್ನು ಒಗೆದಿಲ್ಲವಂತೆ.

ಬಾಯಿಪಾಠ ಮಾಡಿದ ಒಂದು ಸಾಲು ಎಷ್ಟೋ ದಿನದ ಮೇಲೆ ಮನುಷ್ಯರ ರೂಪದಲ್ಲಿ ಎದುರಿಗೆ ಬಂದು ನಿಂತದ್ದು ನಿಮ್ಮಲ್ಲಿಯೂ ಯಾರಿಗಾದರೂ ಆಗಿರಬೇಕು. ಕಲಿಸುವವರಿಗೂ ಆಗಿರಬಹುದು, ಕಲಿಯುವವರಿಗೂ ಆಗಿರಬಹುದು. ಆಗಿದ್ದರೆ ನಾಲ್ಕು ಸಾಲು ಬರೆಯಿರಿ. ಕಾಗುಣಿತ ತಪ್ಪಿದರೂ ನಡೆಯುತ್ತದೆ. ಮುಂದಿನ ತರಗತಿಯಲ್ಲಿ ಹುಡುಗಿಯರಿಗೆ ಓದಿ ಹೇಳುತ್ತೇನೆ.