ಹೋಗಿ ಬರ್ತೀನಿ ಅಂದ ತಪ್ಪಿಗೆ

ಅಮೆರಿಕದ ಪ್ಲಿಮತ್‌ನಲ್ಲಿದ್ದ ಆ ವರ್ಷಗಳಲ್ಲಿ ನಾನು ಓಡಲು ಶುರು ಮಾಡಿದ್ದು ಆರೋಗ್ಯಕ್ಕಾಗಿ ಅಲ್ಲ, ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿದ್ದಕ್ಕೆ. ಕಾರಿಲ್ಲದೆ ಹಾಲೂ ಸಿಗದ ಊರು ಅದು. ಗಂಡ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಒಂದು ದಿನ ಎರಡು ಮೈಲಿ ದೂರದ ಅಂಗಡಿಗೆ ಓಡಿಬಿಟ್ಟೆ. ಏನೋ ಅನಾಹುತವಾಗಿದೆ ಎಂದುಕೊಂಡು ದಾರಿಯಲ್ಲಿ ಇಬ್ಬರು ಕಾರು ನಿಲ್ಲಿಸಿ ವಿಚಾರಿಸಿದರು. ಮೊಸರು ತರಲು ಹೊರಟಿದ್ದೇನೆ ಎಂದೆ.

ಎರಡು ವರ್ಷದ ನಂತರ, ಜನವರಿಯಲ್ಲಿ, ಕಾಡುದಾರಿಯ ಮೂವತ್ತು ಮೈಲಿ ಓಟಕ್ಕೆ ಹೆಸರು ಕೊಟ್ಟೆ. ಹತ್ತು ಮೈಲಿಯ ಮೂರು ಸುತ್ತು. ಈ ದೇಶದಲ್ಲಿ ಒಂದನ್ನಾದರೂ ನಾನೇ ಶುರು ಮಾಡಿ ನಾನೇ ಮುಗಿಸಬೇಕು ಎಂಬ ಹಟ. ಗಂಡ ನಕ್ಕ, ಆದರೆ ಉಣ್ಣೆಯ ಕಾಲುಚೀಲ ಮೂರು ಜೊತೆ ತಂದುಕೊಟ್ಟ.

ಅಂದು ಐದು ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ ಹದಿನೈದು. ಬಾಟಲಿಯ ನೀರು ಮೊದಲ ಸುತ್ತಿನಲ್ಲೇ ಕಲ್ಲಾಯಿತು. ಎರಡನೆಯದರಲ್ಲಿ ಮೊಣಕಾಲ ತನಕದ ಹಿಮದಲ್ಲಿ ಎರಡು ಸಲ ಬಿದ್ದೆ. ಚಟ್ನಿಪುಡಿ ಹಚ್ಚಿಕೊಂಡು ಬಂದಿದ್ದ ಚಪಾತಿ ಜೇಬಿನಲ್ಲೇ ಹಪ್ಪಳವಾಗಿತ್ತು. ಸುತ್ತು ಮುಗಿಸಿ ಬಂದಾಗ ಗಂಡ ವ್ಯಾನಿನ ಕಿಟಕಿ ಇಳಿಸಿ, "ಸಾಕು ಬಾರೇ, ಹೀಟರ್ ಹಾಕಿದೀನಿ" ಅಂದ. ಸಾಕು ಅಂತ ನನಗೂ ಅನ್ನಿಸಿತ್ತು. ಅಳು ಬರುತ್ತಿತ್ತು.

ಸುತ್ತು ಮುಗಿಯುವ ಗೆರೆಯ ಬಳಿ ಮಡಚುವ ಕುರ್ಚಿಯಲ್ಲಿ ಅಮೆರಿಕದ ಅಜ್ಜಿಯೊಬ್ಬರು ಓಟಗಾರರ ಪಟ್ಟಿ ಹಿಡಿದು ಕೂತಿದ್ದರು. ಓಟವನ್ನು ಅರ್ಧಕ್ಕೆ ಬಿಟ್ಟುಹೋಗುವವರು ಅವರಿಗೆ ಹೇಳಿ ಹೋಗಬೇಕು. ಹೇಳಲು ಹೋದೆ. ಆದರೆ ನಮ್ಮ ಮನೆಯಲ್ಲಿ ಹೊರಡುವಾಗ 'ಹೋಗ್ತೀನಿ' ಅನ್ನುವ ಹಾಗೇ ಇರಲಿಲ್ಲ. ಹಾಗಂದರೆ ಅಮ್ಮ ಬಾಗಿಲಲ್ಲೇ ತಡೆದು 'ಹೋಗಿ ಬರ್ತೀನಿ' ಎಂದು ತಿದ್ದಿಸುತ್ತಿದ್ದಳು. ಮರಗಟ್ಟಿದ ನಾಲಿಗೆ ಆ ಅಭ್ಯಾಸವನ್ನೇ ಇಂಗ್ಲಿಷಿಗೆ ತಿರುಗಿಸಿತು. "ಥ್ಯಾಂಕ್ ಯೂ. ಐ ವಿಲ್ ಗೋ ಅಂಡ್ ಕಮ್."

ಅಜ್ಜಿಯ ಮುಖ ಅರಳಿತು. ಮೂರನೆಯ ಸುತ್ತಿಗೆ ಗುರುತು ಹಾಕಿ, ನನ್ನ ಟೋಪಿಯನ್ನು ಕಿವಿಯ ಮೇಲೆ ಎಳೆದು, ನೀನು ಬರುವ ತನಕ ಇಲ್ಲೇ ಇರುತ್ತೇನೆ ಅಂದರು. ಹಾಗಲ್ಲ ಅಜ್ಜಿ, ಎನ್ನಲು ಬಾಯಿ ಬರಲಿಲ್ಲ. ಕಾಲುಚೀಲ ಬದಲಿಸಿ, ನನ್ನ ನಾಲಿಗೆಯನ್ನು ನಾನೇ ಬೈದುಕೊಳ್ಳುತ್ತ ಹೊರಟೆ.

ಓಡಿದ್ದು ಕಡಿಮೆ, ನಡೆದದ್ದೇ ಹೆಚ್ಚು. ಓಟಕ್ಕೆ ಕೊಟ್ಟ ಅವಧಿ ಮುಗಿದಿದೆ ಎಂದು ಗೊತ್ತಿತ್ತು. ಹೊತ್ತು ಮುಳುಗುವಾಗ ಬಂದು ನೋಡಿದರೆ ಡೇರೆ ಬಿಚ್ಚಿದ್ದರು, ಬಾವುಟಗಳೂ ಇರಲಿಲ್ಲ. ನಮ್ಮ ವ್ಯಾನು, ಅದರ ಪಕ್ಕ ಆ ಕುರ್ಚಿ. ಅಜ್ಜಿ ಕಂಬಳಿ ಹೊದ್ದು ಕೂತಿದ್ದರು. ವ್ಯಾನಿನೊಳಗೆ ಬನ್ನಿ ಎಂದು ಗಂಡ ಎಷ್ಟು ಕರೆದರೂ ಕೇಳಿರಲಿಲ್ಲವಂತೆ.

ನನ್ನ ಸಮಯ ಬರೆದುಕೊಂಡು, ಬರ್ತೀನಿ ಅಂದಿದ್ದೆಯಲ್ಲ, ಅದಕ್ಕೇ ಕೂತೆ ಎಂದರು. ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆಗ ಬಿಟ್ಟುಹೋಗಲು ಬಂದಿದ್ದೆ ಎಂಬ ನಿಜವನ್ನು ಮಾತ್ರ ಹೇಳಲಿಲ್ಲ.

ವ್ಯಾನು ಹತ್ತುವಾಗ ಮತ್ತೆ ಅದೇ 'ಗೋ ಅಂಡ್ ಕಮ್' ಬಾಯಿಂದ ಬಂತು. ಅಜ್ಜಿ ತಲೆಯಾಡಿಸಿದರು. ಮುಂದಿನ ಚಳಿಗಾಲದ ಹೊತ್ತಿಗೆ ನಾವು ಮನೆ ಬದಲಿಸಿ ದೂರದ ಅರೋರಾಕ್ಕೆ ಬಂದುಬಿಟ್ಟಿದ್ದೆವು. ಆ ಓಟಕ್ಕೆ ನಾನು ಮತ್ತೆ ಹೋಗಲೇ ಇಲ್ಲ. ಅಜ್ಜಿ ಮರುವರ್ಷದ ಜನವರಿಯಲ್ಲೂ ಕತ್ತಲಾಗುವ ತನಕ ಕುರ್ಚಿ ಮಡಚದೆ ಕೂತಿದ್ದರೋ ಏನೋ.